ವೈರಲ್ ಲೋಡ್ ನೋಡಿಸ್ತೀವಿ, ಹೃದಯ ಯಾರು ನೋಡ್ತಾರೆ? 40 ದಾಟಿದ ಎಚ್‌ಐವಿ ಬಂಧುಗಳ ಜೊತೆ ಒಂದು ಚರ್ಚೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಬೆಂಬಲ ಗುಂಪಿನ ಹಳೆಯ ಗೆಳೆಯರೊಬ್ಬರು ಇತ್ತೀಚೆಗೆ ತೀರಿಕೊಂಡರು. ವಯಸ್ಸು 47. ಹಾರ್ಟ್ ಅಟ್ಯಾಕ್. ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ, ತಪ್ಪಿಸಿದವರೇ ಅಲ್ಲ. ವರ್ಷಗಳಿಂದ ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಇತ್ತು. ಆದರೂ ಊರಲ್ಲಿ "ಕೊನೆಗೂ ಆ ಕಾಯಿಲೆಯೇ ಕರ್ಕೊಂಡು ಹೋಯ್ತು" ಅಂದರು. ನನಗೆ ಅದು ತುಂಬಾ ನೋವಾಯಿತು. ಅವರಿಗೆ ಬಿಪಿ ಇತ್ತು, ಬೀಡಿ ಇತ್ತು. ಬಿಪಿಗೆ ಚಿಕಿತ್ಸೆ ಶುರುವೇ ಆಗಿರಲಿಲ್ಲ.

ನಮ್ಮಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ನಾನು ಸ್ಟಾವುಡಿನ್ ಅನ್ನುವ ಹಳೆಯ ಎಆರ್‌ಟಿ ಔಷಧಿಯ ಕಾಲದವನು. ಆಗ ಕೆನ್ನೆ ಬತ್ತುತ್ತಿತ್ತು, ಪಾದ ಉರಿಯುತ್ತಿತ್ತು. ಇನ್ನೊಂದು ದೀಪಾವಳಿ ನೋಡ್ತೀವಾ ಅನ್ನುವುದೊಂದೇ ಯೋಚನೆ. ಈಗ ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ 45 ದಾಟಿದ್ದಾರೆ. ಮಕ್ಕಳ ಮದುವೆ ಮಾಡಿದವರಿದ್ದಾರೆ, ಮೊಮ್ಮಕ್ಕಳನ್ನು ಎತ್ತಿಕೊಂಡವರಿದ್ದಾರೆ.

ಎಆರ್‌ಟಿ ಸೆಂಟರ್‌ಗೆ ಹೋದಾಗಲೆಲ್ಲ ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತದಾ ಅಂತ ಕೇಳುತ್ತಾರೆ. ಅದು ಟಿಬಿಗಾಗಿ. ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದಾ, ಬಿಪಿ ಎಷ್ಟಿದೆ, ಅಪ್ಪನಿಗೆ ಹೃದಯದ ತೊಂದರೆ ಇತ್ತಾ ಅಂತ ನನ್ನನ್ನು ಯಾರೂ ಕೇಳಿದ ನೆನಪಿಲ್ಲ. ನಾವೂ ಕೇಳಿಲ್ಲ. ಇನ್ನಾದರೂ ಕೇಳೋಣ ಅಂತ ಈ ಚರ್ಚೆ ಶುರು ಮಾಡಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ಡಾ. ಮಳೆಕಾಡು

ನಾನು ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುವ ಫಿಸಿಶಿಯನ್. ಇದು ಬಹಳ ಹಿಂದೆಯೇ ಆಗಬೇಕಿದ್ದ ಮಾತು ಸರ್. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಎಚ್‌ಐವಿ ಇರುವವರಿಗೆ ಹಾರ್ಟ್ ಅಟ್ಯಾಕ್ ಮತ್ತು ಪಾರ್ಶ್ವವಾಯುವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು. 2018ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಬಂದ ಅಂದಾಜು ಇದು. ಬೀಡಿ ಸಿಗರೇಟು, ಬಿಪಿ, ಶುಗರ್ ಎಲ್ಲವನ್ನೂ ಲೆಕ್ಕದಿಂದ ತೆಗೆದು ನೋಡಿದರೂ ಅಪಾಯ ಪೂರ್ತಿ ಇಳಿಯುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಕಾರಣಗಳನ್ನೆಲ್ಲ ಕಳೆದ ಮೇಲೂ ಎಚ್‌ಐವಿ ಇದ್ದವರಲ್ಲಿ ಹಾರ್ಟ್ ಅಟ್ಯಾಕ್ ಸುಮಾರು ಶೇ. 50ರಷ್ಟು ಹೆಚ್ಚಿತ್ತು.

ಏಕೆ ಹೀಗೆ? ಮಾತ್ರೆ ವೈರಸ್ಸನ್ನು ರಕ್ತದಲ್ಲಿ ಕಾಣದಷ್ಟು ಕೆಳಗೆ ಇಡುತ್ತದೆ. ಆದರೆ ದೇಹದ ರಕ್ಷಣಾ ವ್ಯವಸ್ಥೆ ಪೂರ್ತಿ ತಣ್ಣಗಾಗುವುದಿಲ್ಲ. ಸೋಂಕಿನ ಮೊದಲ ವಾರಗಳಲ್ಲೇ ಕರುಳಿನ ಗೋಡೆಯಲ್ಲಿರುವ ರಕ್ಷಣಾ ಕೋಶಗಳು ಬಹಳಷ್ಟು ನಾಶವಾಗುತ್ತವೆ. ಆಮೇಲೆ ಆ ಗೋಡೆ ಮೊದಲಿನಂತೆ ಆಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾದ ಚೂರುಗಳು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬರುತ್ತಲೇ ಇರುತ್ತವೆ. ದೇಹ ಅವುಗಳ ವಿರುದ್ಧ ಸದಾ ಎಚ್ಚರವಾಗಿರುತ್ತದೆ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಹಾಗೆ ಒಳಗೆ ಸಣ್ಣ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ. ಅದು ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ. ಅಲ್ಲಿ ಕೊಬ್ಬು ಸೇರುತ್ತದೆ. ಎಚ್‌ಐವಿ ಇರುವವರಲ್ಲಿ ಹೀಗೆ ಸೇರುವ ಕೊಬ್ಬಿನ ಗಡ್ಡೆ ಹೆಚ್ಚಾಗಿ ಮೆತ್ತಗಿರುತ್ತದೆ, ಸುಣ್ಣಗಟ್ಟಿರುವುದಿಲ್ಲ. ಇಂಥದ್ದೇ ಒಡೆದು ರಕ್ತ ಹೆಪ್ಪುಗಟ್ಟುವುದು.

ನಾವು ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ಮೊದಲೇ ಬೇಗ ಬರುತ್ತದೆ. ಅದರ ಮೇಲೆ ಇದೂ ಸೇರಿತು ಅಂದರೆ 40ಕ್ಕೇ ಎಚ್ಚರ ಬೇಕು.

ಕೃಷ್ಣೆಯ ಕಡೆಯವ

ಡಾಕ್ಟರ್ ಸಾಹೇಬ್ರ, ಛಲೋ ತಿಳಿಸಿದ್ರಿ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಈ ಕಾಯಿಲೆ ಒಂದು ಕಾಲಕ್ಕೆ ಬಹಳ ಜನರನ್ನು ಕಾಡಿತು. ಆಗಿನವರು ಈಗ ನನ್ನ ವಯಸ್ಸಿನವರು, 52. ನನ್ನದೊಂದು ಪ್ರಶ್ನೆ. ನನ್ನ ಕೊಲೆಸ್ಟ್ರಾಲ್ ನಾರ್ಮಲ್ ಇದೆ ಅಂತ ಲ್ಯಾಬ್‌ನವರು ಹೇಳಿದ್ದಾರೆ. ಟಿಎಲ್‌ಡಿ ಅನ್ನೋ ಎಆರ್‌ಟಿ ಮಾತ್ರೆ ತಗೊಳ್ತೀನಿ. ಮತ್ತೆ ನನಗ್ಯಾಕೆ ಚಿಂತೆ?

ಡಾ. ಮಳೆಕಾಡು

ನಿಮ್ಮಂಥವರಿಗಾಗಿಯೇ ನಡೆದ ಒಂದು ಅಧ್ಯಯನ ಇದೆ ಅಣ್ಣ. ಹೆಸರು ರಿಪ್ರೀವ್. 2015ರಲ್ಲಿ ಶುರುವಾಯಿತು. 12 ದೇಶಗಳು, 7,769 ಜನ. ಎಲ್ಲರಿಗೂ ಎಚ್‌ಐವಿ, ಎಲ್ಲರೂ ಎಆರ್‌ಟಿ ಮೇಲಿದ್ದವರು, ವಯಸ್ಸು 40ರಿಂದ 75. ನಮ್ಮ ಭಾರತದವರೂ ಅದರಲ್ಲಿದ್ದರು. ಮಾಮೂಲಿ ಲೆಕ್ಕದಲ್ಲಿ ಇವರ ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ನಡುವಿನ ಮೌಲ್ಯ 108. ಅಂದರೆ ನಿಮ್ಮ ಲ್ಯಾಬ್‌ನವರು "ನಾರ್ಮಲ್" ಅನ್ನುವಂಥ ಜನರೇ.

ಅರ್ಧ ಜನರಿಗೆ ದಿನಕ್ಕೆ ಪಿಟವಾಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಔಷಧಿ) 4 ಮಿಲಿಗ್ರಾಂ, ಇನ್ನರ್ಧ ಜನರಿಗೆ ಔಷಧಿ ಇಲ್ಲದ ಅದೇ ರೀತಿಯ ಮಾತ್ರೆ. ಐದು ವರ್ಷ ದಾಟುವಷ್ಟರಲ್ಲಿ ಸ್ಟ್ಯಾಟಿನ್ ಗುಂಪಿನಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಸಾವು ಮುಂತಾದ ದೊಡ್ಡ ಘಟನೆಗಳು ಶೇ. 35ರಷ್ಟು ಕಡಿಮೆಯಾದವು. ಲಾಭ ಸ್ಪಷ್ಟವಾಗಿ ಕಂಡಿದ್ದರಿಂದ 2023ರಲ್ಲಿ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಫಲಿತಾಂಶ ಅದೇ ವರ್ಷ ಜುಲೈನಲ್ಲಿ ಪ್ರಕಟವಾಯಿತು. ಆಮೇಲೆ ಸ್ಕ್ಯಾನ್ ಮಾಡಿ ನೋಡಿದ ಉಪ-ಅಧ್ಯಯನದಲ್ಲಿ ನಾನು ಮೇಲೆ ಹೇಳಿದ ಮೆತ್ತಗಿನ ಗಡ್ಡೆ ಕೂಡ ಕಡಿಮೆಯಾಗಿದ್ದು ಕಂಡಿತು.

ಥೇಮ್ಸ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಈ ಅಧ್ಯಯನ ಬಂದ ಮೇಲೆ ಬ್ರಿಟನ್‌ನ ಎಚ್‌ಐವಿ ವೈದ್ಯರ ಸಂಘ 40 ದಾಟಿದ ಎಲ್ಲ ಎಚ್‌ಐವಿ ಬಂಧುಗಳಿಗೂ ಸ್ಟ್ಯಾಟಿನ್ ಕೊಡಬಹುದು ಅಂತ ಸಲಹೆ ಕೊಟ್ಟಿತು. ಅಮೆರಿಕದಲ್ಲೂ 2024ರ ಫೆಬ್ರವರಿಯಲ್ಲಿ ಸಲಹೆ ಬಂತು. ಅಲ್ಲಿ ಮುಂದಿನ 10 ವರ್ಷದಲ್ಲಿ ಹೃದಯದ ತೊಂದರೆ ಬರುವ ಅಪಾಯ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಇರುವ 40ರಿಂದ 75 ವಯಸ್ಸಿನವರಿಗೆ ಶುರು ಮಾಡಿ ಅಂತಾರೆ. ಅದಕ್ಕಿಂತ ಕಡಿಮೆ ಇದ್ದರೂ ಮಾತಾಡಿ ನಿರ್ಧರಿಸಬಹುದು. ಪಿಟವಾಸ್ಟ್ಯಾಟಿನ್ ಸಿಗದಿದ್ದರೆ ಅಟಾರ್ವಾಸ್ಟ್ಯಾಟಿನ್ 20 ಅಥವಾ ರೋಸುವಾಸ್ಟ್ಯಾಟಿನ್ 10 ಆಗುತ್ತದೆ. ಊರಲ್ಲಿ ಇವೆರಡೂ ಸುಲಭವಾಗಿ ಸಿಗುತ್ತವೆ ಅಲ್ವಾ?

ಕೋಲಾರದ ಕಲ್ಲು

ಸಿಗುತ್ತವೆ. ಆದರೆ ಎಲ್ಲರೂ ಒಂದೇ ಸಲಕ್ಕೆ ಹೌದು ಅನ್ನಬೇಡಿ. ಈಗಾಗಲೇ ಮಾತ್ರೆ ನುಂಗಿ ನುಂಗಿ ಸಾಕಾಗಿದೆ. ಸ್ಟ್ಯಾಟಿನ್ ತಗೊಂಡರೆ ಶುಗರ್ ಬರುತ್ತೆ, ಮೈಕೈ ನೋವು ಬರುತ್ತೆ ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಲಾಭ ನಿಜವಾಗಿ ಎಷ್ಟು? ಶೇಕಡಾ ಲೆಕ್ಕ ಬೇಡ, ತಲೆ ಲೆಕ್ಕದಲ್ಲಿ ಹೇಳಿ.

ಡಾ. ಮಳೆಕಾಡು

ಕೇಳಬೇಕಾದ ಪ್ರಶ್ನೆ ಇದು. ರಿಪ್ರೀವ್ ಲೆಕ್ಕದಲ್ಲಿ ಸುಮಾರು 106 ಜನ ಐದು ವರ್ಷ ಸ್ಟ್ಯಾಟಿನ್ ತಗೊಂಡರೆ ಒಬ್ಬರಿಗೆ ದೊಡ್ಡ ಘಟನೆ ತಪ್ಪುತ್ತದೆ. ಇದು ಎಲ್ಲರನ್ನೂ ಸೇರಿಸಿದ ಸರಾಸರಿ. ಬಿಪಿ, ಬೀಡಿ, ಮನೆತನದಲ್ಲಿ ಹೃದ್ರೋಗ ಇದ್ದವರಿಗೆ ಲಾಭ ಇನ್ನೂ ಜಾಸ್ತಿ. ಯಾವುದೂ ಇಲ್ಲದ 41ರ ವ್ಯಕ್ತಿಗೆ ಕಡಿಮೆ.

ತೊಂದರೆಯ ಬದಿ ನೋಡೋಣ. ಹೊಸದಾಗಿ ಶುಗರ್ ಬಂದವರು ಸ್ಟ್ಯಾಟಿನ್ ಗುಂಪಿನಲ್ಲಿ 100ಕ್ಕೆ 5.3, ಇನ್ನೊಂದು ಗುಂಪಿನಲ್ಲಿ 4. ಸ್ನಾಯು ನೋವಿನ ತೊಂದರೆ 2.3 ಮತ್ತು 1.4. ಅಂದರೆ ನಿಮ್ಮ ಬೀದಿಯವರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅಷ್ಟು ದೊಡ್ಡದೂ ಅಲ್ಲ. ನೋವು ಬಂದರೆ ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ, ತೊಡೆ ಭುಜ ಎತ್ತಲಾರದಷ್ಟು ಸೋತರೆ ಅಂದೇ ಬಂದು ತೋರಿಸಿ. ನನ್ನ ಅಭಿಪ್ರಾಯ ಕೇಳಿದರೆ, 50 ದಾಟಿದ ನನ್ನ ಎಚ್‌ಐವಿ ರೋಗಿಗಳಿಗೆಲ್ಲ ನಾನು ಇದರ ಬಗ್ಗೆ ಹೇಳುತ್ತೇನೆ. 40ರಿಂದ 50ರವರಿಗೆ ಮೊದಲು ಬಿಪಿ, ಶುಗರ್, ಬೀಡಿ ನೋಡಿ ಆಮೇಲೆ ಮಾತಾಡುತ್ತೇನೆ.

ಮಾತ್ರೆ ಅಂಗಡಿ

ನಾನು ಫಾರ್ಮಸಿಸ್ಟ್. ಒಂದು ವಿಷಯ ದಯವಿಟ್ಟು ಎಲ್ಲರೂ ಬರೆದಿಟ್ಟುಕೊಳ್ಳಿ. ಟಿಎಲ್‌ಡಿಯಲ್ಲಿ ಇರುವ ಟೆನೋಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರಕ್ಕೂ ಸ್ಟ್ಯಾಟಿನ್ ಜೊತೆ ಜಗಳ ಇಲ್ಲ. ಆದರೆ ಸೆಕೆಂಡ್ ಲೈನ್‌ನಲ್ಲಿ (ಮೊದಲ ಔಷಧಿ ಕೆಲಸ ಮಾಡದಿದ್ದಾಗ ಕೊಡುವುದು) ಇರುವವರು, ಅಂದರೆ ಅಟಜನಾವಿರ್ ಅಥವಾ ಲೋಪಿನಾವಿರ್ ಜೊತೆ ರಿಟೋನಾವಿರ್ ತಗೊಳ್ಳುವವರು ಬಹಳ ಹುಷಾರಾಗಿರಬೇಕು. ರಿಟೋನಾವಿರ್ ಲಿವರ್‌ನಲ್ಲಿ ಬೇರೆ ಔಷಧಿಗಳು ಕರಗುವುದನ್ನು ತಡೆಯುತ್ತದೆ. ಹಾಗಾಗಿ ಸಿಂವಾಸ್ಟ್ಯಾಟಿನ್, ಲೋವಾಸ್ಟ್ಯಾಟಿನ್ ಅವರಿಗೆ ಕೊಡುವಂತೆಯೇ ಇಲ್ಲ. ರಕ್ತದಲ್ಲಿ ಅದರ ಮಟ್ಟ ವಿಪರೀತ ಏರಿ ಸ್ನಾಯು ಕರಗಿ, ಕಿಡ್ನಿಗೇ ಪೆಟ್ಟು ಬೀಳಬಹುದು. ಅಟಾರ್ವಾ, ರೋಸುವಾ ಕೂಡ ಕಡಿಮೆ ಡೋಸ್‌ನಲ್ಲೇ ಶುರು ಮಾಡಬೇಕು.

ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ತೆಳು ಮಾಡುವ ಮಾತ್ರೆಯ ಕಥೆಯೂ ಹೀಗೇ. ಕ್ಲೋಪಿಡೋಗ್ರೆಲ್ ದೇಹದೊಳಗೆ ಬದಲಾದ ಮೇಲೆ ಕೆಲಸ ಮಾಡುತ್ತದೆ, ರಿಟೋನಾವಿರ್ ಆ ಬದಲಾವಣೆಯನ್ನೇ ತಡೆಯುತ್ತದೆ. ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಇರುತ್ತದೆ. ಟಿಕಾಗ್ರೆಲಾರ್ ಆದರೆ ಉಲ್ಟಾ, ಮಟ್ಟ ಏರಿ ರಕ್ತಸ್ರಾವ ಆಗಬಹುದು. ಇಂಥವರಿಗೆ ಸಾಮಾನ್ಯವಾಗಿ ಪ್ರಾಸುಗ್ರೆಲ್ ಯೋಚಿಸುತ್ತಾರೆ. ಇದನ್ನೆಲ್ಲ ನೀವು ನೆನಪಿಡಬೇಕಿಲ್ಲ. ಆದರೆ ಹೃದಯದ ಡಾಕ್ಟರಿಗೆ ನಿಮ್ಮ ಎಆರ್‌ಟಿ ಮಾತ್ರೆಯ ಹೆಸರು ಗೊತ್ತಾಗಲೇಬೇಕು. ಮುಚ್ಚಿಟ್ಟರೆ ಅವರು ಕತ್ತಲಲ್ಲಿ ಔಷಧಿ ಬರೆಯುತ್ತಾರೆ. ಬಾಟಲಿಯ ಲೇಬಲ್ ಫೋಟೋ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ.

ಶುಗರ್ ಇರುವವರಿಗೆ ಇನ್ನೊಂದು. ಡೊಲುಟೆಗ್ರಾವಿರ್ ಜೊತೆ ಮೆಟ್‌ಫಾರ್ಮಿನ್ ಮಟ್ಟ ಏರುತ್ತದೆ. ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ.

ಮತ್ತೆ ಗ್ಯಾಸ್ ಔಷಧಿ. ಎದೆ ಉರಿ ಬಂದ ಕೂಡಲೇ ನಮ್ಮ ಅಂಗಡಿಗೆ ಬಂದು ಆಂಟಾಸಿಡ್ ಸಿರಪ್ ಕೇಳುತ್ತಾರೆ. ಅದರಲ್ಲಿನ ಅಲ್ಯೂಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ಮಾಡುತ್ತವೆ. ಎಆರ್‌ಟಿ ಮಾತ್ರೆ ತಗೊಂಡು 2 ಗಂಟೆ ಆದ ಮೇಲೆ ಸಿರಪ್ ಕುಡಿಯಿರಿ. ಸಿರಪ್ ಮೊದಲು ಕುಡಿದಿದ್ದರೆ 6 ಗಂಟೆ ಬಿಟ್ಟು ಎಆರ್‌ಟಿ ಮಾತ್ರೆ. ಅದಕ್ಕಿಂತ ದೊಡ್ಡ ವಿಷಯ, 40 ದಾಟಿದವರಿಗೆ ಬೆವರಿನ ಜೊತೆ ಬರುವ ಎದೆ ಉರಿಯನ್ನು ಗ್ಯಾಸ್ ಅಂತ ನೀವೇ ತೀರ್ಮಾನಿಸಬೇಡಿ. ಸಿರಪ್ ಕುಡಿದು ಮಲಗಿ ಹೊತ್ತು ಕಳೆದವರನ್ನು ನೋಡಿದ್ದೇನೆ. ಮೊದಲು ಈಸಿಜಿ.

ಹೊಂಬೆಳಕು

ಫಾರ್ಮಸಿ ಅಣ್ಣ "ಹೇಳಲೇಬೇಕು" ಅಂದಿರಿ. ಸರಿ. ಆದರೆ ಹೇಳಿದ ಮೇಲೆ ಏನಾಗುತ್ತದೆ ಅಂತಲೂ ಕೇಳಿ. ನನ್ನ ಯಜಮಾನರಿಗೆ ಎದೆ ನೋವು ಬಂದಾಗ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಆಂಜಿಯೋಗ್ರಾಂಗೆ ಒಳಗೆ ಕರೆದುಕೊಂಡು ಹೋಗುವವರಿದ್ದರು. ನಾನು ಎಆರ್‌ಟಿ ಪುಸ್ತಕ ತೋರಿಸಿದೆ. ಅಲ್ಲಿಂದ ಎಲ್ಲ ನಿಧಾನವಾಯಿತು. "ಮಷಿನ್ ಖಾಲಿ ಇಲ್ಲ", "ಕಿಟ್ ತರಿಸಬೇಕು", "ಬೇರೆ ಕಡೆ ಹೋದರೆ ಒಳ್ಳೆಯದು". ವಾರ್ಡಿನ ಹಲಗೆಯ ಮೇಲೆ ಅವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿದರು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟೆಂಟ್ ಆಯಿತು. ಅಲ್ಲಿಯವರು ಒಂದು ಪ್ರಶ್ನೆಯನ್ನೂ ಹೆಚ್ಚಿಗೆ ಕೇಳಲಿಲ್ಲ. ಯಜಮಾನರು ಈಗ ನಡೆದಾಡುತ್ತಾರೆ, ಆದರೆ ಹೃದಯದ ಪಂಪಿಂಗ್ ಕಡಿಮೆಯಾಗಿದೆ. ಕಳೆದುಹೋದ ಆ ಸಮಯವನ್ನು ನಾನು ಮರೆಯಲಾರೆ.

ಆಪ್ತಸಮಾಲೋಚಕಿ

ಹೊಂಬೆಳಕು ಅಕ್ಕ, ಓದಿ ಕಣ್ಣು ತುಂಬಿತು. ನಿಮಗೆ ಆದದ್ದು ಕಾನೂನಿಗೆ ವಿರುದ್ಧ. ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಖಾಸಗಿ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ. ರೋಗಿಯ ಒಪ್ಪಿಗೆ ಇಲ್ಲದೆ ಅವರ ಸ್ಥಿತಿಯನ್ನು ಬಯಲು ಮಾಡುವಂತಿಲ್ಲ, ಹಲಗೆಯ ಮೇಲಿನ ಆ ಕೆಂಪು ಗುರುತು ಅದೇ ತಪ್ಪು. 20 ಅಥವಾ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು. ರಾಜ್ಯ ಮಟ್ಟದಲ್ಲಿ ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ತುರ್ತು ಚಿಕಿತ್ಸೆಯ ವಿಷಯವಾದರೆ 24 ಗಂಟೆಯೊಳಗೆ ಆದೇಶ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ಒಂದು ಸಲಹೆ. ಎದೆ ನೋವಿನ ಹೊತ್ತಲ್ಲಿ ಜಗಳಕ್ಕೆ ನಿಲ್ಲಬೇಡಿ. ಮೊದಲು ಜೀವ. ಯಾರು ಏನು ಹೇಳಿದರು, ಎಷ್ಟು ಗಂಟೆಗೆ ಅಂತ ಜೊತೆಯಲ್ಲಿರುವವರು ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ದೂರು ಆಮೇಲೆ ಕೊಡೋಣ, ನಾವು ಜೊತೆಗೆ ಬರುತ್ತೇವೆ.

ಡಾ. ಮಳೆಕಾಡು

ಅಕ್ಕ ಬರೆದದ್ದು ಬರೀ ನಮ್ಮೂರಿನ ಕಥೆಯಲ್ಲ. ಅಮೆರಿಕದ ದಾಖಲೆಗಳಲ್ಲೂ ಹಾರ್ಟ್ ಅಟ್ಯಾಕ್ ಆದ ಎಚ್‌ಐವಿ ರೋಗಿಗಳಿಗೆ ಸ್ಟೆಂಟ್ ಹಾಕುವುದು, ಆಮೇಲಿನ ಔಷಧಿ ಕೊಡುವುದು ಉಳಿದವರಿಗಿಂತ ಕಡಿಮೆ ಅಂತ ಕಂಡಿದೆ. ಮತ್ತೆ ಆಸ್ಪತ್ರೆ ಸೇರುವುದು, ಮತ್ತೆ ಅಟ್ಯಾಕ್ ಆಗುವುದು ಹೆಚ್ಚು. ಅವರಲ್ಲಿ ಬಹಳ ಜನ ವಯಸ್ಸಿನಲ್ಲಿ ಚಿಕ್ಕವರು, ನೋಡಿ. ವೈದ್ಯನಾಗಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯ ಇದು. ವೈರಸ್ ಮಾಡುವ ಹಾನಿಗೆ ಔಷಧಿ ಇದೆ. ನಾವು ಮಾಡುವ ವಿಳಂಬಕ್ಕೆ ಯಾವ ಔಷಧಿ? ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್‌ನಲ್ಲಿ ಎಲ್ಲ ರೋಗಿಗೂ ಪಾಲಿಸುವ ಮಾಮೂಲಿ ಎಚ್ಚರಿಕೆಯೇ ಸಾಕು. ವೈರಲ್ ಲೋಡ್ ಪತ್ತೆಯಾಗದವರ ವಿಷಯದಲ್ಲಂತೂ ಹಿಂಜರಿಯಲು ಏನೂ ಕಾರಣ ಇಲ್ಲ.

ನೇತ್ರಾವತಿ ದಂಡೆ

ನನಗೆ ಕಿಡ್ನಿ ತೊಂದರೆ ಇರುವುದರಿಂದ ಟೆನೋಫೋವಿರ್ ಬದಲು ಅಬಾಕಾವಿರ್ ಕೊಡುತ್ತಿದ್ದಾರೆ. ಅದು ಹೃದಯಕ್ಕೆ ಒಳ್ಳೆಯದಲ್ಲ ಅಂತ ಎಲ್ಲೋ ಓದಿದೆ. ನಿಲ್ಲಿಸಿಬಿಡಲಾ?

ಡಾ. ಮಳೆಕಾಡು

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನೀವು ಓದಿದ್ದರಲ್ಲಿ ಹುರುಳಿದೆ. 2008ರಲ್ಲಿ ಡಿಎಡಿ ಅನ್ನುವ ದೊಡ್ಡ ಅಧ್ಯಯನದಲ್ಲಿ ಅಬಾಕಾವಿರ್ ತಗೊಳ್ಳುತ್ತಿದ್ದವರಲ್ಲಿ ಹಾರ್ಟ್ ಅಟ್ಯಾಕ್ ಹೆಚ್ಚು ಕಂಡಿತು. ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಈಗ ಹೃದಯದ ಅಪಾಯ ಹೆಚ್ಚಿರುವವರಿಗೆ ಬೇರೆ ದಾರಿ ಇದ್ದರೆ ಅಬಾಕಾವಿರ್ ಬೇಡ ಅನ್ನುವುದೇ ಹೆಚ್ಚಿನವರ ನಿಲುವು. ಬದಲಾವಣೆ ಸಾಧ್ಯವಾ ಅಂತ ನಿಮ್ಮ ಎಆರ್‌ಟಿ ಡಾಕ್ಟರ್ ಹತ್ತಿರ ಕೇಳಿ.

ಆದರೆ ಎಆರ್‌ಟಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು. 2006ರ ಸ್ಮಾರ್ಟ್ ಅಧ್ಯಯನ ಇದನ್ನೇ ತೋರಿಸಿತು. 5,472 ಜನರಲ್ಲಿ ಅರ್ಧ ಜನ ಬಿಡದೆ ಮಾತ್ರೆ ತಗೊಂಡರು. ಉಳಿದವರು ಸಿಡಿ4 (ರಕ್ತದ ರಕ್ಷಣಾ ಕೋಶಗಳ ಎಣಿಕೆ) ನೋಡಿಕೊಂಡು ನಡುನಡುವೆ ನಿಲ್ಲಿಸಿದರು. ಮಾತ್ರೆಯಿಂದ ಹೃದಯಕ್ಕೆ ತೊಂದರೆ, ನಿಲ್ಲಿಸಿದರೆ ಹೃದಯಕ್ಕೆ ಬಿಡುವು ಅಂತ ಅಂದುಕೊಂಡಿದ್ದರು. ಆದದ್ದು ತಿರುಗುಮುರುಗು. ನಿಲ್ಲಿಸಿದವರಲ್ಲಿ ಸಾವೂ ಹೆಚ್ಚು, ಹೃದಯದ ಘಟನೆಗಳೂ ಹೆಚ್ಚು.

ಆಪ್ತಸಮಾಲೋಚಕಿ

ಬೀಡಿ ಸಿಗರೇಟಿನ ಬಗ್ಗೆ ಹೇಳದೆ ಹೋಗಲಾರೆ. ಡೆನ್ಮಾರ್ಕ್‌ನಲ್ಲಿ ಎಚ್‌ಐವಿ ಚಿಕಿತ್ಸೆ ಚೆನ್ನಾಗಿ ಸಿಗುತ್ತಿರುವವರ ಮೇಲೆ ಒಂದು ಅಧ್ಯಯನ ಆಗಿದೆ. ಅದರಲ್ಲಿ ಎಚ್‌ಐವಿಯಿಂದ ಕಳೆದುಹೋಗುವ ವರ್ಷಗಳಿಗಿಂತ ಧೂಮಪಾನದಿಂದ ಕಳೆದುಹೋಗುವ ವರ್ಷಗಳೇ ಜಾಸ್ತಿ, ಎರಡು ಪಟ್ಟಿಗಿಂತ ಮೇಲೆ. ನಮ್ಮ ಸೆಂಟರ್‌ಗೆ ಬರುವ ಗಂಡಸರು "ಇಷ್ಟೆಲ್ಲ ಕಳ್ಕೊಂಡಿದ್ದೀನಿ ಮೇಡಂ, ಇದೊಂದಾದ್ರೂ ಇರ್ಲಿ" ಅಂತಾರೆ. ಅವರ ದುಃಖ ನನಗೆ ಅರ್ಥವಾಗುತ್ತದೆ. ಆದರೂ ಪ್ರತಿ ಸಲ ಹೇಳುತ್ತೇನೆ. ಗುಟ್ಕಾ, ಕಡ್ಡಿಪುಡಿಯಿಂದಲೂ ಹೃದಯಕ್ಕೆ ಪೆಟ್ಟೇ.

ಹೆಂಗಸರ ಬಗ್ಗೆಯೂ ಒಂದು ಮಾತು. ಎಚ್‌ಐವಿಯಿಂದ ಹೆಚ್ಚುವ ಅಪಾಯ ಹೆಂಗಸರಲ್ಲಿ ಗಂಡಸರಿಗಿಂತ ಜಾಸ್ತಿ ಪ್ರಮಾಣದಲ್ಲಿ ಕಂಡಿದೆ. ಆದರೆ ಅವರು ಆಸ್ಪತ್ರೆಗೆ ಬರುವುದು ಕೊನೆಗೆ. ಎದೆ ನೋವೇ ಇರಬೇಕೆಂದಿಲ್ಲ. ದವಡೆ ನೋವು, ಬೆನ್ನಿನ ಮೇಲ್ಭಾಗದ ನೋವು, ಸುಮ್ನೆ ಕೂತಿದ್ದರೂ ಏದುಸಿರು, ಹಿಂದೆಂದೂ ಇಲ್ಲದ ಸುಸ್ತು. ಇವನ್ನು ಮುಟ್ಟು ನಿಲ್ಲುವ ವಯಸ್ಸು, ಅದಕ್ಕೇ ಅಂತ ತಳ್ಳಿಹಾಕುತ್ತಾರೆ.

ಕೃಷ್ಣೆಯ ಕಡೆಯವ

ಎಲ್ಲಾ ಓದಿದೆ. ಈಗ ಖರ್ಚಿನ ಮಾತು ಹೇಳ್ರಿ. ನಾನು ಕೂಲಿ ಮಾಡುವವ. ಟೆಸ್ಟ್ ಎಲ್ಲಿ ಮಾಡಿಸಲಿ?

ತುಂಗಾತೀರ

ಅಣ್ಣ, ಇದನ್ನು ನಾನು ವಿಚಾರಿಸಿಕೊಂಡು ಬಂದಿದ್ದೇನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಅಂತ ಇದೆ. 30 ದಾಟಿದ ಯಾರಿಗೇ ಆಗಲಿ ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಎಆರ್‌ಟಿಗೆ ಹೋದ ದಿನವೇ ಅಲ್ಲಿಗೂ ಹೋಗಿ ಬಂದರೆ ಇನ್ನೊಂದು ದಿನದ ಕೂಲಿ ಉಳಿಯುತ್ತದೆ. ಕೊಲೆಸ್ಟ್ರಾಲ್ ಪರೀಕ್ಷೆ ಬೇಕು ಅಂತ ಎಆರ್‌ಟಿ ಡಾಕ್ಟರ್ ಹತ್ತಿರವೇ ಬಾಯಿಬಿಟ್ಟು ಕೇಳಿ.

ಅಟ್ಯಾಕ್ ಅನುಮಾನ ಬಂದರೆ ದೂರದ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋಗಬೇಡಿ. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಶುರುವಾಗಿದೆ. ಅಪ್ಪು ಹೋದಾಗ 46, ನಮ್ಮ ಗೆಳೆಯರ ವಯಸ್ಸೇ ಹೆಚ್ಚು ಕಡಿಮೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಈಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಸಾವಿರಗಟ್ಟಲೆ ಆಗುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108.

ನಮ್ಮ ಗುಂಪಿನಲ್ಲಿ ಒಂದು ಬಿಪಿ ಮಷಿನ್ ಕೊಳ್ಳುವುದು ಅಂತ ಮಾತಾಗಿದೆ. ಮುಂದಿನ ಸಭೆಯಿಂದ 40 ದಾಟಿದ ಎಲ್ಲರದ್ದೂ ನೋಡಿ ಅವರ ಎಆರ್‌ಟಿ ಪುಸ್ತಕದ ಹಿಂದೆ ಬರೆದುಕೊಡುತ್ತೇವೆ.

ಕೋಲಾರದ ಕಲ್ಲು

ಡಾಕ್ಟರ್ ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ನನಗೆ 54, ಬಿಪಿ ಇದೆ, ಅಪ್ಪ ಹೋಗಿದ್ದು ಅಟ್ಯಾಕ್‌ನಲ್ಲಿ. ಹಾಗಾದರೆ ಆ 106ರಲ್ಲಿ ನನ್ನ ಪಾಲು ದೊಡ್ಡದೇ. ಕೇಳಿ ನೋಡುತ್ತೇನೆ. ಟಿಎಲ್‌ಡಿ ಜೊತೆಗೆ ರಾತ್ರಿ ಒಟ್ಟಿಗೇ ನುಂಗಬಹುದಾ?

ಮಾತ್ರೆ ಅಂಗಡಿ

ನುಂಗಬಹುದು. ಅಟಾರ್ವಾ, ರೋಸುವಾ ಯಾವ ಹೊತ್ತಿಗಾದರೂ ಆಗುತ್ತದೆ. ಒಟ್ಟಿಗೆ ತಗೊಂಡರೆ ಮರೆಯುವುದು ಕಡಿಮೆ. ಶುರು ಮಾಡುವ ಮೊದಲು ಲಿವರ್ ಪರೀಕ್ಷೆ ಮಾಡಿಸಿ, ಹೆಪಟೈಟಿಸ್ ಇದ್ದರೆ ಡಾಕ್ಟರಿಗೆ ಹೇಳಿ.

ಹೊಸ ಚಿಗುರು

ಚರ್ಚೆ ಪೂರ್ತಿ ಓದಿದೆ. ನನಗೆ 29. ಹೋದ ವರ್ಷ ಗೊತ್ತಾಯಿತು, ಟಿಎಲ್‌ಡಿ ಶುರುವಾದ ಮೇಲೆ ತೂಕ ಏರಿದೆ. ನನಗೂ ಸ್ಟ್ಯಾಟಿನ್ ಬೇಕಾ?

ಡಾ. ಮಳೆಕಾಡು

ಈಗ ಬೇಡ ತಮ್ಮಾ, ಅಥವಾ ತಂಗಿ. ಈ ವಯಸ್ಸಿಗೆ ಸ್ಟ್ಯಾಟಿನ್ ಅಂತ ಸಲಹೆ ಇಲ್ಲ, ಮನೆತನದಲ್ಲಿ ಬಹಳ ಚಿಕ್ಕ ವಯಸ್ಸಿಗೇ ಹೃದ್ರೋಗ ಇದ್ದರೆ ಅಥವಾ ಎಲ್‌ಡಿಎಲ್ 190 ದಾಟಿದ್ದರೆ ಬೇರೆ ಮಾತು. ತಂಗಿಯಾಗಿದ್ದು ಮಗುವಿನ ಯೋಚನೆ ಇದ್ದರೆ ಮುಂದೆಯೂ ಸ್ಟ್ಯಾಟಿನ್ ಶುರು ಮಾಡುವ ಮೊದಲು ಅದನ್ನು ಹೇಳಬೇಕು. ಡೊಲುಟೆಗ್ರಾವಿರ್ ಮೇಲೆ ತೂಕ ಏರುವುದು ಗೊತ್ತಿರುವ ವಿಷಯ, ಆ ಕಾರಣಕ್ಕೆ ಮಾತ್ರೆ ಬಿಡಬೇಡಿ. ಸೊಂಟದ ಸುತ್ತಳತೆ, ಬಿಪಿ, ಶುಗರ್ ವರ್ಷಕ್ಕೊಮ್ಮೆ ನೋಡಿಸಿ. ಸಿಗರೇಟು ಸೇದುತ್ತೀರಾ?

ಹೊಸ ಚಿಗುರು

ತಮ್ಮ ಸರ್. ಸೇದುತ್ತೇನೆ.

ಆಪ್ತಸಮಾಲೋಚಕಿ

ನನಗೆ ಖಾಸಗಿಯಾಗಿ ಸಂದೇಶ ಕಳಿಸಪ್ಪ. ಬಿಡಿಸುವ ಸಹಾಯ ನಿನ್ನ ಊರಿಗೆ ಹತ್ತಿರ ಎಲ್ಲಿ ಸಿಗುತ್ತದೆ ಅಂತ ಹುಡುಕಿ ಹೇಳುತ್ತೇನೆ.